ಆಕರಗಳ ಪಟ್ಟಿಯಲ್ಲಿ ಬೂದಿಕೆರೆ

ತಮಿಳುನಾಡಿನ ತೇನಿಯ ಕಾಲೇಜಿನಲ್ಲಿ ಎಂ.ಎ. ಓದುವ ಯುವಶ್ರೀಗೆ ಒಂದೇ ಹಟ. ಮನೆಯಲ್ಲಿ ಇಂದಿಗೂ ಕನ್ನಡವಾಡುವ ತನ್ನ ಜನ ಹಿಂದೆ ಕನ್ನಡನಾಡಿನಿಂದ ಈ ತಮಿಳು ಕಣಿವೆಗೆ ಯಾವ ದಾರಿಯಲ್ಲಿ ಬಂದರೆಂದು ಬರೆಯಬೇಕು. ಮಾರ್ಗದರ್ಶಕ ಪ್ರಭಾಕರನ್ ಸಾರ್‌ಗೆ ಅದು ಬರೀ ತಲೆಹರಟೆ. "ಶುಕ್ರವಾರದೊಳಗೆ ಐದು ಆಕರ ತೋರಿಸು. ಇಲ್ಲದಿದ್ದರೆ ಬಾಳೆ ಮಾರುಕಟ್ಟೆ ಮೇಲೆ ಬರಿ, ಅದಕ್ಕೆ ಬೇಕಾದಷ್ಟು ಪುಸ್ತಕ ಇವೆ," ಎಂದು ತಮಿಳಿನಲ್ಲಿ ಹೇಳಿ ಆಕರಗಳ ಪಟ್ಟಿಯ ಫಾರ್ಮ್ ಕೈಗಿಟ್ಟಿದ್ದರು.

ಪುಸ್ತಕದಲ್ಲಿರುವುದನ್ನೇ ಮತ್ತೆ ಬರೆಯಲು ಇವಳೇನು ಜೆರಾಕ್ಸ್ ಅಂಗಡಿಯೇ?

ಮೂರು ದಿನ ಅಲೆದಳು. ಗ್ರಂಥಾಲಯದ ಹಳೆಯ ಗೆಜೆಟಿಯರಿನಲ್ಲಿ ಇವಳ ಜನರ ಬಗ್ಗೆ ಎರಡೇ ಸಾಲು. ಉತ್ತಮಪಾಳಯದಲ್ಲಿ ವಿಚಾರಿಸಿದರೆ ಯಾರಿಗೂ ಏನೂ ಗೊತ್ತಿಲ್ಲ. ಕೊನೆಗೆ ತನ್ನೂರು ಗೂಡಲೂರಿಗೆ ಬಂದು, ಇಪ್ಪತ್ತು ಪ್ರಶ್ನೆಗಳ ಹಾಳೆ ಹಿಡಿದು, ಅಜ್ಜಿ ಪೇಚ್ಚಿಯಮ್ಮಾಳ್ ಇದ್ದ ಕೊಟ್ಟಿಗೆಗೆ ನೇರ ನುಗ್ಗಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಅಜ್ಜಿ ತುಟಿ ಬಿಚ್ಚಲಿಲ್ಲ. ಇವರಲ್ಲಿ ಕೊಟ್ಟಿಗೆಯೆಂದರೆ ದೇವರ ಮನೆ, ಅಲ್ಲಿ ಚಪ್ಪಲಿ ಮೆಟ್ಟಿ ಬಂದವರೊಂದಿಗೆ ಮಾತಿಲ್ಲ. ಯುವಶ್ರೀ ನಾಲಿಗೆ ಕಚ್ಚಿಕೊಂಡು ಹೊರಗೋಡಿ, ಚಪ್ಪಲಿ ಬಿಟ್ಟು ಕಾಲು ತೊಳೆದು ಬಂದಳು.

ಅಷ್ಟರಲ್ಲಿ ದನ ಮನೆಗೆ ಬರುವ ಹೊತ್ತಾಯಿತು. ಅಜ್ಜಿ ಬಾಗಿಲಲ್ಲಿ ನಿಂತು ಕೂಗಿದಳು. "ಕರಿಹಳ್ಳಾ, ಬಾ! ಹೊನ್ನೆಮರಾ! ಬೂದಿಕೆರೇ! ಜೋಡುಕಲ್ಲೂ! ಸಂತೆಕಣಿವೇ!" ಐದು ಹಸುಗಳೂ ಕರೆದ ಸಾಲಿನಲ್ಲೇ ಒಳಬಂದವು. ಯುವಶ್ರೀ ಹುಟ್ಟಿದಾಗಿನಿಂದ ಕೇಳಿದ ಕೂಗು. ಮುದ್ದಿಗೆ ಇಟ್ಟ ಹೆಸರೆಂದೇ ಅಂದುಕೊಂಡಿದ್ದಳು, ಪೆದ್ದಿ.

"ಈ ಹೆಸ್ರು ಯಾರು ಇಟ್ಟದ್ದು?"

"ನಾವ್ಯಾರೂ ಇಡ್ಲಿಲ್ಲ ಕಣ್ಣು. ತಾಯಿ ಹೆಸ್ರೇ ಕರೂಗೆ. ಮೊದ್ಲು ನಮ್ಮೋರು ಕನ್ನಡನಾಡಿಂದ ನಡ್ಕೊಂಡು ಬರ್ವಾಗ ಯಾವೂರ್ನಾಗ ತಂಗಿದ್ರೋ, ಅಲ್ಲಿ ಹುಟ್ಟಿದ ಕರೂಗೆ ಆ ಊರ್ ಹೆಸ್ರು. ವರಿಸೆ ತಪ್ಪಿ ಕರೀಬಾರ್ದು. ದಾರಿ ಮರ್ತೋಗ್ತೈತೆ."

ಯುವಶ್ರೀ ಪ್ರಶ್ನೆಗಳ ಹಾಳೆ ಮಗುಚಿ, ಹಿಂಬದಿಯಲ್ಲಿ ಐದೂ ಹೆಸರನ್ನು ಸಾಲಾಗಿ ಬರೆದುಕೊಂಡಳು. ಮಾರನೆಯ ದಿನ ಹಳೆಯ ಭೂಪಟ ಹರಡಿಕೊಂಡು ಕೂತಾಗ ಬೂದಿಕೆರೆ, ಜೋಡುಕಲ್ಲು ಎರಡೂ ಸಿಕ್ಕವು. ಕನ್ನಡನಾಡಿನಿಂದ ದಕ್ಷಿಣಕ್ಕೆ ಬರುವ ಒಂದೇ ದಾರಿಯ ಮೇಲೆ, ಅಜ್ಜಿ ಕರೆದ ಸಾಲಿನಲ್ಲೇ ಇದ್ದವು.

ಶುಕ್ರವಾರ ಫಾರ್ಮ್ ನೋಡಿ ಸಾರ್ ಕನ್ನಡಕ ತೆಗೆದರು. "ಹಸುಗಳನ್ನು ಆಕರ ಅಂತ ಬರೆದಿದ್ದೀಯಾ? ಡಿಪಾರ್ಟ್‌ಮೆಂಟೇ ನಗುತ್ತೆ."

"ನಗಲಿ ಸಾರ್. ಗೆಜೆಟಿಯರಿನಲ್ಲಿ ಆ ಎರಡು ಸಾಲು ಬರೆದ ಬಿಳಿ ದೊರೆ ನಮ್ಮೂರಿನಲ್ಲಿ ಎರಡು ದಿನ ಇದ್ದನೋ ಇಲ್ಲವೋ, ಅವನನ್ನು ನಂಬುತ್ತೀರಿ. ತಲೆತಲಾಂತರದಿಂದ ದಿನಾ ಸಂಜೆ ದಾರಿಯನ್ನು ಬಾಯಿಪಾಠ ಒಪ್ಪಿಸಿದ ನಮ್ಮ ಹೆಂಗಸರನ್ನು ನಂಬಲ್ಲ. ಬೇಡ ಅಂದರೆ ಕಾರಣ ಬರೆದು ಸಹಿ ಹಾಕಿ. 'ಪೇಚ್ಚಿಯಮ್ಮಾಳ್ ಸುಳ್ಳು ಹೇಳುತ್ತಾಳೆ' ಅಂತ ಬರೀರಿ. ನಾನಂತೂ ಬಾಳೆ ಬರೆಯಲ್ಲ."

ಸಾರ್ ಪೆನ್ನು ತೆಗೆದರು, ಆದರೆ ಆ ವಾಕ್ಯ ಬರೆಯಲು ಕೈ ಬರಲಿಲ್ಲ. ಕೊನೆಗೆ ಷರಾದಲ್ಲಿ 'ಸ್ಥಳಕ್ಕೆ ಹೋಗಿ ನೋಡಬೇಕು' ಎಂದು ಗೀಚಿ, "ಎಷ್ಟು ಹೊತ್ತಿಗೆ ಬರಲಿ?" ಅಂದರು.

"ದನ ಬರೋ ಹೊತ್ತಿಗೆ," ಅಂದಳು ಯುವಶ್ರೀ. "ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಸಾರ್."