ಪತ್ತೆಯಿಲ್ಲದವಳ ಗಂಡ

ಟೇಲರನ ಹೆಂಡತಿ ಕಾಣೆಯಾದ ದಿನ ಮನೆಯಲ್ಲಿ ಜಗಳವಾಗಿರಲಿಲ್ಲ. ಪೊಲೀಸರು ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು, ಅವನೂ ಅದನ್ನೇ ಹೇಳಿದ. ಅವಳು ನೀರು ಸರಬರಾಜು ಇಲಾಖೆಯಲ್ಲಿದ್ದಳು. ಸುತ್ತಲಿನ ಟ್ಯಾಂಕುಗಳಿಗೆ ಹೋಗಿ ಬಾಟಲಿಗಳಲ್ಲಿ ನೀರು ಹಿಡಿದು ತಂದು ಪರೀಕ್ಷೆಗೆ ಕೊಡುವುದು ಅವಳ ಕೆಲಸ. ಅಂದೂ ಹೋದಳು, ನೀರು ಹಿಡಿದಳು, ವಾಪಸ್ ಬಸ್ಸು ಹತ್ತಿದಳು. ಬಾಟಲಿಗಳ ಪೆಟ್ಟಿಗೆ ಊರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿತು. ಒಂದೊಂದಕ್ಕೂ ಅವಳ ದುಂಡು ಅಕ್ಷರದ ಚೀಟಿ ಅಂಟಿತ್ತು. ಅವಳು ಮಾತ್ರ ಸಿಗಲಿಲ್ಲ.

ನೀರಿಗೆ ಬಿದ್ದಳು ಎನ್ನೋಣವೆಂದರೆ ಟ್ಯಾಂಕಿನಿಂದ ಕ್ಷೇಮವಾಗಿ ಬಂದಿದ್ದಾಳೆ. ಓಡಿಹೋದಳು ಎನ್ನೋಣವೆಂದರೆ, ಓಡಿಹೋಗುವವಳು ಕೂತು ಚೀಟಿ ಅಂಟಿಸುತ್ತಾಳೆಯೇ? ಟೇಲರನಿಗೆ ತಲೆ ಬುಡ ತಿಳಿಯಲಿಲ್ಲ. ಬೀದಿಯವರಿಗೆ ಮಾತ್ರ ಎಲ್ಲ ತಿಳಿದಿತ್ತು. ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ತಾಳೆಯಾಗುತ್ತಿರಲಿಲ್ಲ, ಅಷ್ಟೇ.

ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅವನು ಮತ್ತು ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳ ಜೊತೆ ಇರುತ್ತೇನೆಂದು ಬಂದಾಕೆ, ಈಗ ಮಗಳೇ ಇಲ್ಲದ ಮನೆಯಲ್ಲಿ ಅಳಿಯನ ಎದುರು ತಟ್ಟೆ ಇಟ್ಟುಕೊಂಡು ಕೂರಬೇಕಾಗಿತ್ತು. ಮೊದಲೆಲ್ಲ ಇಬ್ಬರ ಮಾತೂ ನಡುವೆ ಕೂತವಳ ಮೂಲಕವೇ ಸಾಗುತ್ತಿತ್ತು: 'ಅವರಿಗೆ ಇನ್ನೊಂದು ಸ್ವಲ್ಪ ಬಡಿಸು', 'ಅತ್ತೆಯ ಕಣ್ಣು ಹೇಗಿದೆ ಕೇಳು' ಎಂದು. ಈಗ ಉಪ್ಪು ಬೇಕಾದರೂ ಟೇಲರ್ ಎದ್ದು ಹೋಗಿ ತಾನೇ ತಂದುಕೊಳ್ಳುತ್ತಿದ್ದ.

ಒಂದು ವರ್ಷವಾದ ಮೇಲೆ ಪೊಲೀಸರು 'ಪತ್ತೆಯಾಗಿಲ್ಲ' ಎಂದು ಬರೆದುಕೊಟ್ಟರು. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿ, ಕಾಣೆಯಾದ ನೌಕರರ ಮನೆಯವರಿಗೂ ಅದು ಸಿಗುತ್ತದೆ ಎಂದು ಹೆಂಡತಿಯ ಕಚೇರಿಯವರೇ ಹೇಳಿ ಕಳಿಸಿದರು. ರೆಡಿಮೇಡ್ ಬಂದ ಮೇಲೆ ಟೇಲರನಿಗೆ ಹರಿದದ್ದು ಹೊಲಿಯುವುದು, ಉದ್ದವಾದದ್ದು ಗಿಡ್ಡ ಮಾಡುವುದು, ಇಷ್ಟೇ ಉಳಿದಿತ್ತು. ಅವನು ಹೋದ.

ಪಿಂಚಣಿ ವಿಭಾಗದಲ್ಲಿದ್ದ ಗುಮಾಸ್ತೆ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ಅವನ ಅರ್ಜಿ ನೋಡಿದಳು.

"ಇಲ್ಲಿ ವಿಧವೆಯ ಹೆಸರು ಅಂತ ಇರೋ ಕಡೆ ನಿಮ್ಮ ಹೆಸರು ಬರೆದಿದ್ದೀರಲ್ಲ?"

"ಬೇರೆ ಜಾಗ ಇರಲಿಲ್ಲ ಮೇಡಂ."

"ಅದನ್ನ ಹೊಡೆದು ವಿಧುರ ಅಂತ ಮಾಡಿ."

"ನಾನು ವಿಧುರ ಅಲ್ವಲ್ಲ."

"ಮತ್ತೆ ಏನು ನೀವು?"

ಟೇಲರ್ ಪೆನ್ನು ಹಿಡಿದು ನಿಂತೇ ಇದ್ದ. ಗುಮಾಸ್ತೆ ಅರ್ಜಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಕೊನೆಗೆ, "ಗಂಡ ಅಂತಲೇ ಇರಲಿ ಬಿಡಿ" ಎಂದಳು. "ಅವರು ವಾಪಸ್ ಬಂದ್ರೆ ಪಡೆದದ್ದನ್ನೆಲ್ಲ ಸರ್ಕಾರಕ್ಕೆ ಕಟ್ತೀನಿ ಅಂತ ಮುಚ್ಚಳಿಕೆ ಬರ್ಕೊಡಬೇಕು. ಆಮೇಲೆ ಅವರ ತಾಯಿ ಬಂದು ಒಂದು ಹೇಳಿಕೆ ಕೊಡಲಿ."

ಹೆಂಡತಿ ಬಂದರೆ ಸಾಲಗಾರ, ಬಾರದಿದ್ದರೆ ಪಿಂಚಣಿದಾರ. ಯಾವುದನ್ನು ಬಯಸಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ ಟೇಲರ್ ತನ್ನ ಬೀದಿಯ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದ.

ಅತ್ತೆಗೆ ಹೇಳಿದಾಗ ಆಕೆ ಬರುವುದಿಲ್ಲ ಎನ್ನಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಳು. ಗುಮಾಸ್ತೆ ಮೃದುವಾಗಿಯೇ ಕೇಳಿದಳು, "ಅಮ್ಮ, ಅವತ್ತಿನಿಂದ ಮಗಳ ಸುದ್ದಿ ಏನಾದ್ರೂ ಬಂತಾ?"

"ಫೋನ್ ಮಾಡ್ತಾಳೆ" ಎಂದಳು ಅತ್ತೆ.

ಟೇಲರ್ ತಟ್ಟನೆ ಆಕೆಯ ಕಡೆ ತಿರುಗಿದ. ಗುಮಾಸ್ತೆಯ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಏನಂತಾರೆ?"

"ಏನೂ ಅನ್ನಲ್ಲ. ಸುಮ್ಮನಿರ್ತಾಳೆ. ಉಸಿರು ಕೇಳಿಸುತ್ತೆ. ನಾನೇ ಮಾತಾಡ್ತೀನಿ. ಹೆತ್ತವಳಿಗೆ ಉಸಿರು ಗೊತ್ತಾಗಲ್ವಾ?"

ಕಡತ ಅಲ್ಲಿಗೇ ನಿಂತಿತು. ಇದನ್ನು ಪೊಲೀಸರಿಗೆ ತಿಳಿಸಬೇಕೇ ಬೇಡವೇ ಎಂದು ಗುಮಾಸ್ತೆ ಒಳಗೆ ಸಾಹೇಬರನ್ನು ಕೇಳಲು ಹೋದಳು. ಸಾಹೇಬರು, "ಉಸಿರನ್ನ ದಾಖಲೆ ಅಂತ ತಗೊಳ್ಳಕ್ಕಾಗಲ್ಲ, ಬಿಡಕ್ಕೂ ಆಗಲ್ಲ. ಆಮೇಲೆ ನೋಡೋಣ" ಎಂದರಂತೆ.

ಟೇಲರನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಹೆಂಡತಿ ಬದುಕಿದ್ದರೆ ತನ್ನ ಜೊತೆ ಯಾಕೆ ಮಾತಾಡುವುದಿಲ್ಲ? ತಾನೇನು ಮಾಡಿದ್ದೆ? ಹೊಲಿಗೆ ಯಂತ್ರದ ಮುಂದೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಯಾರದೋ ಪ್ಯಾಂಟಿನ ಒಂದು ಕಾಲನ್ನು ಎರಡು ಸಲ ಗಿಡ್ಡ ಮಾಡಿ, ಇನ್ನೊಂದನ್ನು ಹಾಗೇ ಬಿಟ್ಟ.

ಮುಂದಿನ ವಾರ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ನಡುಮನೆಯ ಹಳೆಯ ಫೋನು ರಿಂಗಾಯಿತು. ಅವನು ಎತ್ತಿ ಹಲೋ ಎಂದ. ಮೌನ. ಕಿವಿಗೊಟ್ಟು ಕೇಳಿದರೆ ಉಸಿರಿತ್ತು.

"ನಾನೇ" ಎಂದ. ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋದ: "ಅಮ್ಮ ಚೆನ್ನಾಗಿದ್ದಾರೆ. ಬಲಗಣ್ಣು ಸ್ವಲ್ಪ ಮಂಜಾಗಿದೆಯಂತೆ. ಪಿಂಚಣಿಗೆ ಬರ್ಕೊಟ್ಟಿದ್ದೀನಿ. ನೀನು ಬರೋದಾದ್ರೆ ಹೇಳು, ನಿಲ್ಲಿಸ್ತೀನಿ. ಬರದೇ ಇದ್ರೂ ಪರವಾಗಿಲ್ಲ. ಪರವಾಗಿಲ್ಲ ಅಂತಲ್ಲ... ಯಾಕೆ ಹೋದೆ ಅಂತ ಒಂದು ಮಾತು ಹೇಳು ಸಾಕು."

ಆ ಕಡೆ ಯಾರೋ ಕೆಮ್ಮಿದರು. ಮುದುಕರ ಕೆಮ್ಮು.

"ತಪ್ಪು ತಿಳೀಬೇಡಿಪ್ಪ" ಎಂದಿತು ಗಂಡು ದನಿ. "ಗಡಿಯಾರ ರಿಪೇರಿ ಅಂಗಡಿಗೆ ಅಂತ ಮಾಡಿದ್ದು, ಒಂದ್ಸಲ ನಿಮ್ಮನೆಗೆ ಬಂತು. ಆ ಅಮ್ಮ ನಿಲ್ಲಿಸದೇ ಮಾತಾಡಿದ್ರು. ನಮ್ಮನೇಲಿ ನನ್ನ ಜೊತೆ ಮಾತಾಡೋರು ಯಾರೂ ಇಲ್ಲ. ಅದಕ್ಕೆ ಆಗಾಗ ಮಾಡಿ ಸುಮ್ಮನೆ ಕೇಳ್ತಿದ್ದೆ. ಇನ್ನು ಮಾಡಲ್ಲ."

ಫೋನು ಇಟ್ಟ ಮೇಲೂ ಟೇಲರ್ ಅಲ್ಲೇ ನಿಂತಿದ್ದ. ಹೇಳಿದರೆ ಮುದುಕಿಯ ಪಾಲಿಗೆ ಮಗಳು ಎರಡನೇ ಸಲ ಕಾಣೆಯಾಗುತ್ತಾಳೆ. ಹೇಳದಿದ್ದರೆ ಮುಂದಿನ ಸಲ ಫೋನು ಬಾರದೆ ಆಕೆ ಕಾದು ಕಾದು ಸೊರಗುತ್ತಾಳೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಸಂಜೆಯವರೆಗೆ ಓಡಾಡಿ, ಊಟಕ್ಕೆ ಕೂತಾಗ ಹೇಳಿಬಿಟ್ಟ.

ಅತ್ತೆ ಕೈಯಲ್ಲಿದ್ದ ತುತ್ತನ್ನು ಮುಗಿಸಿದಳು. "ಗೊತ್ತು. ಕೆಮ್ಮು ನಾನೂ ಕೇಳಿದ್ದೀನಿ."

"ಗೊತ್ತಿದ್ದೂ ಕಚೇರಿಯಲ್ಲಿ ಹಾಗೆ ಹೇಳಿದ್ರಾ?"

"ಕೆಮ್ಮಿದ ದಿನ ಬೇರೆ ಯಾರೋ ಅನ್ಸೋದು. ಕೆಮ್ಮದ ದಿನ ಅವಳೇ ಅನ್ಸೋದು. ನನಗೂ ಸರಿಯಾಗಿ ಗೊತ್ತಾಗ್ತಿರಲಿಲ್ಲ." ಆಕೆ ತಟ್ಟೆಯ ಅಂಚನ್ನು ಒರೆಸುತ್ತಾ ಕೂತಳು. "ಅಳಿಯಂದ್ರೇ, ಅವಳಿಲ್ಲ ಅಂತ ಕಾಗದ ಆದ್ಮೇಲೆ ನಾನು ಈ ಮನೇಲಿ ಯಾರು? ಮಗಳು ಬರ್ತಾಳೆ ಅನ್ನೋವರೆಗೆ ಕಾಯ್ತಾ ಇದ್ದೀನಿ ಅನ್ನಬಹುದು. ಆಮೇಲೆ ಏನನ್ನಲಿ?"

ಇದು ಟೇಲರನಿಗೆ ಹೊಳೆದೇ ಇರಲಿಲ್ಲ. ಅತ್ತೆ ಯಾವತ್ತು ಗಂಟುಮೂಟೆ ಕಟ್ಟುತ್ತಾಳೋ, ಖಾಲಿ ಮನೆಯಲ್ಲಿ ತಾನೊಬ್ಬನೇ ಹೇಗಿರುವುದೋ ಎಂದು ಅವನೇ ಇಷ್ಟು ದಿನ ಹೆದರಿದ್ದ.

"ಅತ್ತೆ ಅಂದ್ರೆ ಅತ್ತೆನೇ. ಸರ್ಕಾರದ ಕಾಗದ ಬಂದ್ರೆ ಅದು ಹೋಗುತ್ತಾ?"

"ಹೋಗಲ್ವಾ?"

"ನನಗೇನು ಗೊತ್ತು. ನೀವಿಲ್ಲೇ ಇರಬೇಕು ಅನ್ನೋದಷ್ಟೇ ಗೊತ್ತು. ಸ್ವಲ್ಪ ಉಪ್ಪು ಕೊಡಿ."

ಆಕೆ ಉಪ್ಪಿನ ಡಬ್ಬಿ ಸರಿಸಿದಳು.

ಎರಡನೇ ಸಲ ಕಚೇರಿಗೆ ಹೋದಾಗ ಅತ್ತೆ, ಮಗಳ ಸುದ್ದಿ ಏನೂ ಬಂದಿಲ್ಲ ಎಂದು ಹೇಳಿಕೆ ಕೊಟ್ಟಳು. ಉಸಿರಿನ ಮಾತನ್ನು ಗುಮಾಸ್ತೆ ಎತ್ತಲಿಲ್ಲ. ಸಹಿ ಹಾಕುವ ಜಾಗ ತೋರಿಸುವಾಗ ಮುದುಕಿಯ ಕೈಯನ್ನು ಮಾತ್ರ ಒಂದು ಗಳಿಗೆ ಹೆಚ್ಚಿಗೆ ಹಿಡಿದಿದ್ದಳು. ಬೇಸಿಗೆಯ ಕೊನೆಗೆ ಪಿಂಚಣಿ ಮಂಜೂರಾಗಿ ಆದೇಶ ಬಂತು. ಬಸ್ ನಿಲ್ದಾಣದಲ್ಲಿ ಹೆಂಡತಿಗೆ ಏನಾಯಿತೆಂಬುದು ಅವತ್ತಿಗೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗಿಲ್ಲ.

ಖಾತೆ ತೆರೆಯಲು ಇಬ್ಬರೂ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿದ್ದ ಹೊಸ ಹುಡುಗಿ ಕಾಗದ ತಿರುವುತ್ತಾ, "ಇವರು ನಿಮಗೇನಾಗಬೇಕು?" ಎಂದಳು.

"ನಮ್ಮತ್ತೆ."

"ಮನೆಯವರು ಬರಲಿಲ್ವಾ?"

ಟೇಲರ್ ಅತ್ತೆಯ ಮುಖ ನೋಡಿದ.

"ಕೆಲಸಕ್ಕೆ ಹೋಗಿದ್ದಾಳೆ" ಎಂದಳು ಅತ್ತೆ.

ಹುಡುಗಿ ತಲೆಯಾಡಿಸಿ ಮುದ್ರೆ ಒತ್ತಿದಳು. ಅವನೂ ತಿದ್ದಲು ಹೋಗಲಿಲ್ಲ. ಹೊರಗೆ ಬಿಸಿಲು ಜೋರಾಗಿತ್ತು. ರಸ್ತೆ ದಾಟುವಾಗ, ಅತ್ತೆಯ ಕೈ ಹಿಡಿಯಬೇಕೋ ಬೇಡವೋ ಎಂದು ಟೇಲರ್ ಅನುಮಾನಿಸುತ್ತಿದ್ದಂತೆ, ಆಕೆಯೇ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.