ಇಳಿಯುವ ಕಟ್ಟೆ

"ಮುಂದಿನ ವಿಷಯ, ಸೈಕಲ್ಲು" ಎಂದು ಗುಮಾಸ್ತ ಮಲ್ಲಯ್ಯ ಓದಿದಾಗ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ ಆದೆಮ್ಮನ ಕೈ ಗಕ್ಕನೆ ನಿಂತಿತು. ಲೋಟ ಅರ್ಧ ತುಂಬಿತ್ತು. ಉಳಿದರ್ಧಕ್ಕಾಗಿ ಸದಸ್ಯ ಗಡಿಗೆಪ್ಪನವರು ಕೈ ಚಾಚಿಕೊಂಡೇ ಕೂತಿದ್ದರು.

ಎಪ್ಪತ್ತೆಂಟರ ಬೇಸಿಗೆ ಅದು. ರಾಯಚೂರಿನ ಬಿಸಿಲಿಗೆ ಹೆದರಿ ಪುರಸಭೆಯ ಸದಸ್ಯರು ಯಾವ ವಿಷಯಕ್ಕೂ ಹೆಚ್ಚು ಜಗಳ ಆಡುತ್ತಿರಲಿಲ್ಲ. ಮೇಲಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿತ್ತು, ಸದಸ್ಯರು ನೀರು ಕುಡಿಯುತ್ತಿದ್ದರು. ಸಭೆಯ ದಿನ ಆ ಕೋಣೆಯಲ್ಲಿ ನೀರು ಕೊಡುವ ಆದೆಮ್ಮನಷ್ಟು ಮುಖ್ಯರಾದವರು ಇನ್ನೊಬ್ಬರಿರಲಿಲ್ಲ. ಆದರೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ, ಆದೆಮ್ಮನ ಗಮನಕ್ಕೂ.

"ನೋಡ್ರಿ, ನನ್ನ ಮಿಲ್ಲಿಗೆ ಬರೋ ಮಂದಿ ಎಲ್ಲಾ ಸೈಕಲ್ ಮ್ಯಾಲೇ ಬರ್ತಾರ" ಎಂದರು ಗಡಿಗೆಪ್ಪನವರು. ಅವರದು ಅಕ್ಕಿ ಗಿರಣಿ. "ಎದುರಿಗೆ ಲಾರಿ ಬಂತಂದ್ರ ಗಟಾರಕ್ಕ ಇಳೀತಾರ. ರಸ್ತಿ ಬಾಜೂಕ ಸೈಕಲ್ಲಿಗಂತ ಒಂದು ದಾರಿ ಮಾಡೂಣು. ಟೇಶನ್ನಿಂದ ದೇವದುರ್ಗ ನಾಕಾದ ತನಕ."

ಯಾರೂ ಬೇಡವೆನ್ನಲಿಲ್ಲ. ಮೊದಲು ಸುಣ್ಣದ ಗೆರೆ ಎಳೆದು ಜಾಗ ಗುರುತಿಸುವುದು, ಮಳೆಗಾಲ ಕಳೆದ ಮೇಲೆ ಮುರಂ ಮಣ್ಣು ಹಾಕುವುದು ಎಂದು ಠರಾವಾಯಿತು. ಆದೆಮ್ಮನ ಮುಖ ಅರಳಿತು. ಆದರೆ ಮಲ್ಲಯ್ಯ ಅದೇ ಉಸಿರಿನಲ್ಲಿ ಮುಂದಿನದನ್ನೂ ಓದಿಬಿಟ್ಟ.

"ಮೈದಾನದ ವಿಷಯ. ಎಕ್ಸಿಬಿಷನ್ನಿನೋರು ಕೇಳಾಕತ್ತಾರ್ರಿ, ಬರೋ ಸೋಮವಾರದಿಂದ ಎರಡು ತಿಂಗಳು. ಖಾಲಿ ಬಿದ್ದ ಜಾಗ, ಇನ್ನ ಮ್ಯಾಲೆ ಬಾಡಿಗಿಗೇ ಕೊಡೂಣು ಅಂತ ಅಧ್ಯಕ್ಷರ ಅಭಿಪ್ರಾಯ."

"ಖಾಲಿ ಇಲ್ರಿ ಅದು" ಎಂಬ ಮಾತು ಕೇಳಿ ಎಲ್ಲರೂ ಕತ್ತು ತಿರುಗಿಸಿದರು. ಆಡಿದವಳು ಆದೆಮ್ಮ. ತಾನೇ ಆಡಿದೆನೆಂದು ಅವಳಿಗೂ ಆಗಲೇ ತಿಳಿದದ್ದು. ಬಾಯಿಂದ ಹೊರಟದ್ದನ್ನು ಮತ್ತೆ ಒಳಗೆ ಹಾಕಿಕೊಳ್ಳಲಾಗದೆ ಮುಂದುವರಿಸಿದಳು. "ಮುಂಜಾನಿ ಸೈಕಲ್ ಕಲಿಯಾಕ ಬರ್ತಾರ್ರಿ. ಮುಂಜಾನಿ ಒಂದು ತಾಸು ಅಷ್ಟೇ ಬಿಡ್ರಿ, ಸಾವ್ಕಾರ್ರ."

"ಯಾರು ಬರ್ತಾರ?" ಎಂದು ಗಡಿಗೆಪ್ಪನವರು ಕೇಳಿದರು.

"ಬರ್ತಾರ್ರಿ, ಮಂದಿ."

ಆ ಮಂದಿ ಯಾರೆಂದು ಮಲ್ಲಯ್ಯನಿಗೆ ಗೊತ್ತಿತ್ತು. ಕಚೇರಿಗೆ ಬರುವ ದಾರಿಯಲ್ಲಿ ದಿನವೂ ನೋಡುತ್ತಿದ್ದ. ಆದರೂ ಹೆಸರು ಹೇಳಲಿಲ್ಲ, ಒಳ್ಳೆಯ ಮನುಷ್ಯ. ಮೆಲ್ಲಗೆ ಅಂದ: "ಹಂಗ ಬರಂಗಿಲ್ಲ ಆದೆಮ್ಮ. ಬಾಡಿಗಿಗೆ ಕೊಟ್ಟ ಮ್ಯಾಲ ಮೈದಾನ ನಮ್ದೇ ಖರೆ, ಆದ್ರ ನಮ್ ಕೈಯಾಗಿಲ್ಲ. ನಾವೂ ಚೀಟಿ ತಗೊಂಡೇ ಒಳಗ ಹೋಗ್ಬೇಕು."

ಇಂಥ ಮಾತು ಆದೆಮ್ಮನಿಗೆ ಹೊಸದಲ್ಲ. ನಾಲ್ಕು ವರ್ಷದ ಹಿಂದೆ ಅತ್ತೆ ಬಂಡೆಮ್ಮ ಹೆಚ್ಚುಕಡಿಮೆ ಇದನ್ನೇ ಅಂದಿದ್ದಳು.

ಗಬ್ಬೂರಿನ ಈಚೆಗೆ, ರಸ್ತೆಯಿಂದ ಕೂಗಳತೆಯಲ್ಲಿ ಕುರುಬರ ಒಂದು ದೊಡ್ಡಿ ಇದೆ. ದೊಡ್ಡಿಯೆಂದರೆ ಹತ್ತು ಹದಿನೈದು ಗುಡಿಸಲು, ಅವುಗಳ ಪಕ್ಕಕ್ಕೆ ಮುಳ್ಳುಬೇಲಿಯ ಕುರಿಹಟ್ಟಿಗಳು, ನಡುವೆ ಬಯಲು. ಆದೆಮ್ಮ ಅಲ್ಲಿಯ ಸೊಸೆ. ಕುರಿ ಕಾಯಲು ಹೋದ ಗಂಡ ಹಾವು ಕಡಿದು ಸತ್ತಾಗ ಅವಳಿಗೆ ಇಪ್ಪತ್ನಾಲ್ಕು, ಕೈಯಲ್ಲಿ ಎರಡು ವರ್ಷದ ಮಗಳು ಕರೆಮ್ಮ. ಎರಡು ವರ್ಷ ಕಳೆದ ಮೇಲೆ ತವರಿನವರು ರಾಯಚೂರಿನ ಹತ್ತಿ ಮಿಲ್ಲಿನ ಹಮಾಲಿ ಕನಕಪ್ಪನಿಗೆ ಅವಳನ್ನು ಉಡಕಿ, ಅಂದರೆ ಎರಡನೆಯ ಮದುವೆ, ಮಾಡಿಕೊಟ್ಟರು. ಉಡಕಿಯಾದವಳು ಹೊಸ ಸೀರೆ ಉಟ್ಟು ಹೊರಡಬಹುದು, ಕೂಸನ್ನು ಒಯ್ಯುವಂತಿಲ್ಲ. ಕೂಸು ತಂದೆಯ ಮನೆತನದ್ದು. ಅದನ್ನು ಯಾರೂ ಅನ್ಯಾಯವೆನ್ನುತ್ತಿರಲಿಲ್ಲ, ಆದೆಮ್ಮನೂ ಎನ್ನಲಿಲ್ಲ. ಅತ್ತಳು, ಅಷ್ಟೆ.

"ಮಗಳು ನಿನ್ನಾಕಿನೇ, ಯಾರು ಅಲ್ಲಂತಾರ?" ಎಂದಿದ್ದಳು ಬಂಡೆಮ್ಮ. "ಬಾ, ನೋಡು, ತಲಿಗೆ ಎಣ್ಣಿ ಹಚ್ಚು. ದೀಪ ಹಚ್ಚೋದರಾಗ ಊರು ಬಿಡು. ಸತ್ತಾವನ ಮನ್ಯಾಗ ಉಡಕಿ ಆದಾಕಿ ಮಲಗಬಾರ್ದು."

ತೊಡಕಿದ್ದದ್ದು ಬಸ್ಸಿನಲ್ಲಿ. ದೊಡ್ಡಿಯ ಹತ್ತಿರ ನಿಲ್ಲುವ ಬಸ್ಸು ಒಂದೇ. ಅದು ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಬಂದು, ದೇವದುರ್ಗದಲ್ಲಿ ತಂಗಿ, ಬೆಳಿಗ್ಗೆ ಮರಳುತ್ತಿತ್ತು. ಹೋದವಳು ಇರುವಂತಿಲ್ಲ, ಬರುವುದಕ್ಕೆ ಬಸ್ಸಿಲ್ಲ. ಹೋದ ವರ್ಷ ಒಂದು ಭಾನುವಾರ ನಡೆದೇ ಹೋಗಿದ್ದಳು. ಹನ್ನೆರಡು ಮೈಲು ತುಳಿದು ಮುಟ್ಟುವಾಗ ನಡುಮಧ್ಯಾಹ್ನ. ಮಗಳು ಅಜ್ಜನ ಜೊತೆ ಕುರಿ ಹಿಂದೆ ಅಡವಿಗೆ ಹೋಗಿಯಾಗಿತ್ತು. ಬಂಡೆಮ್ಮ ಮಜ್ಜಿಗೆ ಕೊಟ್ಟಳು. ಆದೆಮ್ಮ ಗೂಟಕ್ಕೆ ತೂಗುಹಾಕಿದ್ದ ಮಗಳ ಲಂಗ ಮುಟ್ಟಿ ನೋಡಿ, ಹೊತ್ತು ಇಳಿಯುವ ಮುಂಚೆ ಹೊರಟುಬಂದಳು. ಆ ಲಂಗ ತಾನು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ದಾರಿಯುದ್ದಕ್ಕೂ ಅದನ್ನೇ ನೆನೆಸಿದಳು.

ಆಮೇಲೆ ಅವಳ ತಲೆಯಲ್ಲಿ ಸೈಕಲ್ಲು ಹೊಕ್ಕಿತು. ಬಾಡಿಗೆ ಸೈಕಲ್ಲಿನ ಅಂಗಡಿಯ ಅಮೀರ್ ಸಾಬ್ ಹತ್ತಿರ, ವರ್ಗವಾಗಿ ಹೋದ ನರ್ಸಮ್ಮನೊಬ್ಬಳು ಮಾರಿಹೋಗಿದ್ದ ಲೇಡೀಸ್ ಸೈಕಲ್ಲು ಇತ್ತು. ಊರಿನಲ್ಲಿ ಅದನ್ನು ಕೇಳುವವರಿಲ್ಲದೆ ಗೋಡೆಗೆ ಒರಗಿಕೊಂಡಿತ್ತು. ಆದೆಮ್ಮ ಕೇಳಿದಾಗ ಅಮೀರ್ ಸಾಬ್ ನಗಲಿಲ್ಲ. "ಒಂದು ತಾಸಂದ್ರ ಒಂದೇ ತಾಸು ನೋಡವ್ವಾ" ಎಂದು ಗಾಳಿ ಹೊಡೆದುಕೊಟ್ಟ. ಗಂಡ ಕನಕಪ್ಪನೇ ಹಿಂದೆ ಕ್ಯಾರಿಯರ್ ಹಿಡಿದು ಓಡುವವನು. ಮೂಟೆ ಹೊತ್ತು ಗಟ್ಟಿಯಾದ ಮೈ, ಆದರೆ ತನಗೇ ಸೈಕಲ್ಲು ಬಾರದು.

"ಕಲ್ತು ಎಲ್ಲಿಗೆ ಹೋಗಾಕಿ ನೀ?" ಎಂದು ಮೊದಲ ದಿನ ಕೇಳಿದ್ದ.

"ಎಲ್ಲಿಗಿಲ್ಲ" ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಅವಳ ಸೊಂಟದ ಸಂಚಿಯಲ್ಲಿ ಎಲೆಯಡಿಕೆಯ ಜೊತೆ ಒಂದು ಕೆಂಪು ಟೇಪು, ಹುಡುಗಿಯರ ಜಡೆಗೆ ಕಟ್ಟುವಂಥದ್ದು, ನಾಲ್ಕು ತಿಂಗಳಿನಿಂದ ಸುತ್ತಿಟ್ಟಿರುವುದನ್ನು ಅವನು ನೋಡಿದ್ದ.

ಮೈದಾನದ ನಡುವೆ ಝಂಡಾ ಹಾರಿಸುವ ಕಲ್ಲಿನ ಕಟ್ಟೆಯೊಂದಿತ್ತು. ಆದೆಮ್ಮ ಅದರ ಮೇಲೆ ಎಡಗಾಲಿಟ್ಟು ಸೀಟಿಗೆ ಏರುವಳು, ಕಟ್ಟೆಯ ಸುತ್ತ ಎಡಕ್ಕೆ ಎಡಕ್ಕೆ ತಿರುಗುತ್ತ ಹೋಗುವಳು, ಸಾಕೆನಿಸಿದಾಗ ಬ್ರೇಕು ಒತ್ತಿ ಅದೇ ಕಟ್ಟೆಗೆ ಕಾಲು ಕೊಟ್ಟು ಇಳಿಯುವಳು. "ಹಿಡ್ದೀರೇನ್ರಿ?" ಎಂದು ಅವಳು ಕೂಗಿದರೆ "ಹಿಡ್ದೀನಿ" ಎಂದು ಕನಕಪ್ಪ ಎಲ್ಲೋ ದೂರದಿಂದ ಹೇಳುತ್ತಿದ್ದ. ಹೀಗೆ ತಿಂಗಳಾಗುವಷ್ಟರಲ್ಲಿ ಅವಳಿಗೆ ಸೈಕಲ್ಲು ಬಂತು. ಬಲಕ್ಕೆ ತಿರುಗಿಸಲು ಬರಲಿಲ್ಲ, ಕಟ್ಟೆಯಿಲ್ಲದೆ ಇಳಿಯಲು ಬರಲಿಲ್ಲ. ಕಾಲು ನೆಲಕ್ಕೆ ಊರಬೇಕೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಅದನ್ನೂ ಕಲಿತರಾಯಿತು ಎಂದುಕೊಂಡಿದ್ದರು ಇಬ್ಬರೂ. ಅಷ್ಟರಲ್ಲಿ ಈ ಠರಾವು.

ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಮೈದಾನದ ಸುತ್ತ ತಗಡು ನಿಂತಿತ್ತು. ಸಂದಿಯಿಂದ ಇಣುಕಿದಾಗ ಕಟ್ಟೆಯ ಮೇಲೆ ಯಾರೋ ಬಿದಿರಿನ ಗಳ ಪೇರಿಸುತ್ತಿರುವುದು ಕಂಡಿತು. ಆದೆಮ್ಮ ತಗಡಿನ ಸಂದಿ ಬಿಟ್ಟು ಕದಲಲಿಲ್ಲ. ಒಂದು ಬಯಲಿಗಾಗಿ ಯಾರಾದರೂ ಹೀಗೆ ದುಃಖಪಡುತ್ತಾರೆಯೇ ಎಂದು ತನ್ನ ಮೇಲೇ ಸಿಟ್ಟು ಬಂತು.

"ಇನ್ನೆರಡು ತಿಂಗಳು ತಡೀಬೇಕು, ಅಷ್ಟ" ಎಂದ ಕನಕಪ್ಪ.

"ಎರಡು ತಿಂಗಳಾಗ ಕೂಸು ಇನ್ನಷ್ಟು ಬೆಳೀತದ" ಎಂದಳು. ಮಗಳ ಸುದ್ದಿಯನ್ನು ಅವಳು ಗಂಡನ ಮುಂದೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕನಕಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಅದೇ ವಾರ ಸುಣ್ಣದ ಗೆರೆ ಬಂತು. ಗಾರೆ ಬಳಿದ ಹಾಗೆ ಬೆಳ್ಳಗೆ, ಸ್ಟೇಶನ್ನಿನಿಂದ ಊರಂಚಿನ ಜಕಾತಿ ನಾಕಾದವರೆಗೆ ರಸ್ತೆಯ ಎಡ ಅಂಚಿನಲ್ಲಿ ನೆಟ್ಟಗೆ ಹೋಗಿತ್ತು. ಅದರ ಒಳಗೆ ಲಾರಿ ಬರಬಾರದೆಂದು ಹೇಳಿದ್ದರು. ಆಡು, ತಳ್ಳುಗಾಡಿ, ನೀರಿನ ಬಂಡಿಗಳಿಗೆ ಯಾರೂ ಹೇಳಿರಲಿಲ್ಲ. ಆದರೂ ಭಾನುವಾರ ಬೆಳಕು ಹರಿಯುವಾಗ ಖಾಲಿ ಇರುತ್ತದೆ.

ಉಪಾಯ ಹೇಳಿದವನು ಕನಕಪ್ಪನೇ. "ಅಮೀರ್ ಸಾಬನ ಅಂಗಡಿ ಕಟ್ಟಿ ಮ್ಯಾಲಿಂದ ಹತ್ತು. ಗೆರಿ ಹಿಡ್ಕೊಂಡು ಸೀದಾ ಹೋಗು. ನಾಕಾದಾಗ ಎಡಕ್ಕ ಕಟ್ಟಿ ಅದ, ಅಲ್ಲಿ ಇಳಿ. ನಾ ಹಿಂದಿಂದ ನಡ್ಕೋತ ಬರ್ತೀನಿ, ಬಂದು ಸೈಕಲ್ ತಿರುಗಿಸಿ ಕೊಡ್ತೀನಿ."

ಭಾನುವಾರ ಹಾಗೇ ಹೊರಟಳು. ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ಕಟ್ಟೆಯಿಂದ ಏರಿದಳು. ಕನಕಪ್ಪ ಕ್ಯಾರಿಯರ್ ಹಿಡಿದು ಓಡಿದ. "ಹಿಡ್ದೀರೇನ್ರಿ?" "ಹಿಡ್ದೀನಿ." ಎರಡನೆಯ ಸಲ ಕೇಳಿದಾಗ ಉತ್ತರ ಬರಲಿಲ್ಲ. ಗೆರೆ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು, ಅವಳು ಅದನ್ನೇ ನೋಡುತ್ತ ತುಳಿದಳು. ಮೈದಾನದಲ್ಲಿ ಎಷ್ಟು ತುಳಿದರೂ ಇದ್ದಲ್ಲಿಗೇ ಬರುತ್ತಿದ್ದಳು. ಇಲ್ಲಿ ತುಳಿದಷ್ಟೂ ಹಿಂದಿನದು ಹಿಂದೆ ಉಳಿಯುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ನಾಕಾ ಬಂತು. ದಾರಿಗೆ ಅಡ್ಡ ಹಾಕುವ ಮರದ ತೊಲೆ ಮೇಲೆದ್ದಿತ್ತು. ಜಕಾತಿಯವನು ಬೇವಿನ ಕಡ್ಡಿ ಕಚ್ಚುತ್ತ ಕೂತಿದ್ದ. ಸುಣ್ಣದ ಗೆರೆ ಅಲ್ಲಿಗೆ, ಕತ್ತರಿಸಿದಂತೆ, ಮುಗಿಯಿತು. ಕಟ್ಟೆ ಎಡಕ್ಕೇ ಇತ್ತು. ಮೊಳಕಾಲೆತ್ತರ, ಕಾಲಿಡಲು ಹೇಳಿ ಮಾಡಿಸಿದಂಥದ್ದು. ಬ್ರೇಕು ಅವಳ ಕೈಯಲ್ಲೇ ಇತ್ತು.

ಆಮೇಲೆ ಕೇಳಿದವರಿಗೆಲ್ಲ ಆದೆಮ್ಮ "ಇಳಿಯಾಕ ಬರ್ಲಿಲ್ರಿ, ಏನ್ ಮಾಡ್ಲಿ" ಎಂದೇ ಹೇಳಿದಳು. ಸುಳ್ಳೂ ಅಲ್ಲ.

ನಾಕಾದಾಚೆ ರಸ್ತೆ ಒಡೆದಿತ್ತು. ಎರಡು ಸಲ ಬೇಲಿಗೆ ಹೋಗಿ ಬಿದ್ದಳು. ಮೊಳಕೈ ತರಚಿತು. ಬಿದ್ದ ಮೇಲೆ ಏರಲು ಕಟ್ಟೆ ಬೇಕು, ಹಾಗಾಗಿ ಮುಂದಿನ ಮೋರಿ ಬರುವವರೆಗೆ ಸೈಕಲ್ಲು ತಳ್ಳುತ್ತ ನಡೆದು, ಮೋರಿಯ ಗೋಡೆಯಿಂದ ಮತ್ತೆ ಏರಿದಳು. ಮೋರಿ ಕಟ್ಟಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ಅಮೀರ್ ಸಾಬನ ಒಂದು ತಾಸು ಯಾವಾಗಲೋ ಮುಗಿದಿತ್ತು. ನಾಕಾದ ಕಟ್ಟೆಯ ಮೇಲೆ ಕನಕಪ್ಪ ಕೂತಿರಬೇಕು. ಅವನಿಗೆ ಅರ್ಥವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಣ್ಣು ತುಂಬಿ ದಾರಿ ಮಸುಕಾಯಿತು.

ದೊಡ್ಡಿ ಕಂಡಾಗ ಹೊತ್ತು ಏರಿತ್ತು. ಆದರೆ ಕುರಿಗಳನ್ನು ಹಟ್ಟಿಯಿಂದ ಇನ್ನೂ ಬಿಟ್ಟಿರಲಿಲ್ಲ, ಅವುಗಳ ಒದರಾಟ ರಸ್ತೆಗೇ ಕೇಳುತ್ತಿತ್ತು. ಕಾಲುದಾರಿ ಇಳಿಜಾರು, ಎಡಕ್ಕೇ ತಿರುಗಿತ್ತು. ಆದೆಮ್ಮ ಸೈಕಲ್ಲಿನ ಮೇಲೇ ಬಯಲಿಗೆ ಜಾರಿಬಂದಳು. ಬಂದಮೇಲೆ ಗೊತ್ತಾಯಿತು, ಇಲ್ಲಿ ಕಟ್ಟೆಯಿಲ್ಲ. ಗುಡಿಸಲುಗಳಿಗೆ ಕಟ್ಟೆ ಎಲ್ಲಿಂದ ಬರಬೇಕು. ಕಲ್ಲಿಲ್ಲ, ಮೋರಿಯಿಲ್ಲ, ಬರಿ ಬಯಲು. ಮಗಳ ಮನೆಯ ಮುಂದೆ ಬಂದು ಬೀಳಲು ಮನಸ್ಸಾಗಲಿಲ್ಲ. ಎಡಕ್ಕೆ ಹೊರಳಿಸಿ ಸುತ್ತತೊಡಗಿದಳು, ಮೈದಾನದಲ್ಲಿ ಸುತ್ತುತ್ತಿದ್ದ ಹಾಗೆ.

ಮಕ್ಕಳು ಗುಡಿಸಲುಗಳಿಂದ ಹೊರಗೆ ಬಂದವು. ಸೈಕಲ್ಲಿನ ಮೇಲೆ ಹೆಂಗಸನ್ನು ಅವು ನೋಡಿರಲಿಲ್ಲ. ಬಂಡೆಮ್ಮನೂ ಬಂದು ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ಮುದುಕಿಗೆ ಗುರುತು ಸಿಕ್ಕಿತೆಂಬುದು ಅವಳ ಕೈ ಮೆಲ್ಲಗೆ ಇಳಿದದ್ದರಲ್ಲೇ ತಿಳಿಯಿತು. ಅವಳ ಪಕ್ಕದಲ್ಲಿದ್ದ ಹುಡುಗಿಯ ಲಂಗ ಗೂಟದ ಮೇಲೆ ಕಂಡ ಲಂಗವೇ, ಈಗ ಮೊಳಕಾಲಿಗೆ ಬಂದಿತ್ತು.

ಮೂರನೆಯ ಸುತ್ತಿಗೆ ಆದೆಮ್ಮನ ಕಾಲು ಸೋತವು. ಸೈಕಲ್ಲು ಓಲಾಡಿತು. ಹುಡುಗಿ ಬರಿಗಾಲಲ್ಲಿ ಓಡಿಬಂದು ಹಿಂದಿನಿಂದ ಕ್ಯಾರಿಯರ್ ಹಿಡಿದಳು. ಓಡುತ್ತಲೇ ಅಂದಳು:

"ಇಳಿ ಯವ್ವಾ, ನಾ ಹಿಡ್ದೀನಿ."

ಆ ಸೀಮೆಯಲ್ಲಿ ಮಕ್ಕಳು ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಬಳೆ ಮಾರುವವಳನ್ನೂ, ದಾರಿ ಕೇಳುವವಳನ್ನೂ. ಆದೆಮ್ಮನಿಗೆ ಅದು ಗೊತ್ತಿಲ್ಲದ್ದಲ್ಲ.

"ಏನಂದಿ?" ಎಂದಳು, ತಿರುಗಿ ನೋಡದೆ.

"ಹಿಡ್ದೀನಿ ಅಂದೆ. ಇಳಿ ಯವ್ವಾ."

"ಗಟ್ಟಿ ಹಿಡ್ದೀ?"

"ಬಿಡಂಗಿಲ್ಲ."

ಬಂಡೆಮ್ಮ ಗುಡಿಸಲಿನ ಒಳಗೆ ಹೋದಳು. ಮಲಗುವ ನುಲಿಯ ಹೊರಸೊಂದನ್ನು ಹೊರಗೆ ಎಳೆದುಕೊಂಡು ಬಂದು, ಬಯಲಿನ ನಡುವೆ, ಸೈಕಲ್ಲಿನ ಎಡಕ್ಕೆ, ಕಾಲಿಡಲು ಸಿಗುವಂತೆ ಹಾಕಿ ಪಕ್ಕಕ್ಕೆ ಸರಿದಳು.

ಆದೆಮ್ಮ ಹೊರಸನ್ನು ನೋಡಿದಳು. ಬ್ರೇಕಿನ ಮೇಲೆ ಬೆರಳಿಟ್ಟಳು, ತೆಗೆದಳು. "ಇನ್ನೊಂದು ಸುತ್ತು" ಎಂದು ಹಿಂದಿನವಳಿಗೆ ಹೇಳಿ ಮೆಲ್ಲಗೆ ತುಳಿದಳು. ಹೊರಸಿನ ಸುತ್ತ ಸೈಕಲ್ಲು ಎಡಕ್ಕೆ ಹೊರಳಿತು. ಅದರ ಬೆನ್ನಿಗೆ ಪುಟ್ಟ ಕಾಲುಗಳು ಕಾದ ಮಣ್ಣಿನ ಮೇಲೆ ಪಟಪಟನೆ ಸದ್ದು ಮಾಡುತ್ತ ಬರುತ್ತಿದ್ದವು.