ಅಕ್ಕನ ಹೆಸರಿನ ರಕ್ತ

ಗುಬ್ಬಿ ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚುತ್ತಿದ್ದಳು. ಅಕ್ಕನ ಕೆಲಸದ ನೀಲಿ ಕೋಟು ಒಳಹೊರಗಾಗಿ ಅವಳ ತೊಡೆಯ ಮೇಲೆ ಬಿದ್ದಿತ್ತು. ಎದುರಿಗೆ ಗೋಡೆಗೊರಗಿ ಅಕ್ಕ ನೀರು ಕುಡಿಯುತ್ತಿದ್ದಳು. ಕೆಲಸದಿಂದ ಬಂದ ಮೇಲೆ ಇದು ನಾಲ್ಕನೆಯ ಚೊಂಬು.

ಎಂಟು ವರ್ಷದಲ್ಲಿ ಆ ಕೋಟನ್ನು ಐದು ಸಲ ಅಗಲ ಮಾಡಿದ್ದಾಗಿತ್ತು. ಈ ಸಲ ಬಿಚ್ಚಿ ನೋಡಿದರೆ ಒಳಗೆ ಮಡಿಸಿಟ್ಟ ಬಟ್ಟೆ ಉಗುರಿನಷ್ಟೂ ಉಳಿದಿರಲಿಲ್ಲ.

"ಇನ್ನು ಆಗಲ್ಲ ಅಕ್ಕ."

"ಬೇರೆ ತುಂಡು ಸೇರಿಸು."

"ಬಣ್ಣ ಹೊಂದಲ್ಲ."

"ಕಂಕುಳ ಕೆಳಗೆ ಯಾರು ಇಣುಕಿ ನೋಡ್ತಾರೆ? ನನಗಿರೋದು ಬೈಯೋರು ಮಾತ್ರ ಕಣೇ, ನೋಡೋರಲ್ಲ."

ಅಕ್ಕನ ಕೆಲಸ ಬೈಸಿಕೊಳ್ಳುವುದೇ. ಕರೆಂಟ್ ಕಂಪನಿಯ ದೂರು ವಿಭಾಗದಲ್ಲಿ ಫೋನು ಎತ್ತುವವಳು ಅವಳು. ಊರಿನಲ್ಲಿ ಎಲ್ಲಿ ದೀಪ ಆರಿದರೂ ಬೆಂಕಿ ಹತ್ತುವುದು ಅಕ್ಕನ ಕಿವಿಗೆ. ದಿನಕ್ಕೆ ತೊಂಬತ್ತು ಕರೆ. ಅಪ್ಪ ಅಮ್ಮನನ್ನು ಎಳೆದು ಬೈದರೂ "ನಿಮ್ಮ ತೊಂದರೆ ಅರ್ಥವಾಗುತ್ತದೆ ಸರ್" ಅನ್ನಬೇಕು. ದನಿ ಏರಿದರೆ ಕೆಂಪು ಗುರುತು. ಬೆನ್ನ ಹಿಂದೆ ಮೇಲ್ವಿಚಾರಕ ಗಡಿಯಾರ ಹಿಡಿದು ಅಡ್ಡಾಡುತ್ತಾನೆ. ಶೌಚಕ್ಕೆ ಇಡೀ ದಿನಕ್ಕೆ ಎಂಟು ನಿಮಿಷ. ಹಾಗಾಗಿ ಗುಬ್ಬಿ ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ವಾಪಸು ಬರುತ್ತಿತ್ತು.

ಮೂಲೆ ಅಂಗಡಿಯ ಪಕ್ಕದ ಡಾಕ್ಟರು ಹೋದ ವರ್ಷವೇ ಹೇಳಿದ್ದರು. "ಬರೀ ತಿಂದದ್ದರಿಂದ ಬಂದ ಸಕ್ಕರೆ ಅಲ್ಲಮ್ಮ ಇದು. ನಾಯಿ ಅಟ್ಟಿಸಿಕೊಂಡು ಬಂದ್ರೆ ಮೈ ಏನ್ ಮಾಡುತ್ತೆ? ಓಡೋಕೆ ಶಕ್ತಿ ಬೇಕು ಅಂತ ರಕ್ತಕ್ಕೆ ಸಕ್ಕರೆ ಸುರಿಯುತ್ತೆ. ನಿಮಗೆ ದಿನವಿಡೀ ನಾಯಿ ಅಟ್ಟಿಸಿಕೊಂಡು ಬರುತ್ತೆ, ನೀವು ಮಾತ್ರ ಕುರ್ಚಿ ಬಿಟ್ಟು ಏಳಲ್ಲ. ಮೈಗೆ ಇದು ಎಷ್ಟು ವರ್ಷ ತಡೆದೀತು? ನಿದ್ದೆನೂ ಇಲ್ಲ ಅಂತೀರಿ."

ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತಿತ್ತು. ಹೊಟ್ಟೆ ಕೆಟ್ಟರೆ ಎಂಟು ನಿಮಿಷ ಯಾವ ಮೂಲೆಗೆ?

ಅಕ್ಕ ಚೊಂಬು ಕೆಳಗಿಟ್ಟಳು. "ಹಾಗಾದ್ರೆ ಬಿಡು, ಹೊಲಿಯಬೇಡ. ನಾಳೆ ಅದನ್ನ ನೀನೇ ಹಾಕ್ಕೊ."

"ನಾನ್ಯಾಕೆ?"

"ನಾಳೆ ರಕ್ತ ಪರೀಕ್ಷೆ. ಗೇಟಿನ ಹೊರಗೆ ವ್ಯಾನು ನಿಲ್ಲುತ್ತೆ. ಸಕ್ಕರೆ ಜಾಸ್ತಿ ಇದ್ದೋರನ್ನ ವಿಶ್ರಾಂತಿಗೆ ಅಂತ ಮನೆಗೆ ಕಳಿಸ್ತಾರೆ. ಹಾಗೆ ಹೋದೋರು ಒಬ್ಬರೂ ವಾಪಸ್ ಬಂದಿಲ್ಲ ಗುಬ್ಬಿ. ನನಗೆ ಈ ಕುರ್ಚಿ ಬಿಟ್ರೆ ಇನ್ನೇನು ಗೊತ್ತು?"

ಅಕ್ಕ ಗುರುತಿನ ಚೀಟಿ ಮುಂದೆ ಚಾಚಿದಳು. ಎಂಟು ವರ್ಷದ ಹಿಂದಿನ ಫೋಟೋ. ತೆಳ್ಳನೆ ಕತ್ತು, ಚೂಪು ಗಲ್ಲ. ಗೇಟಿನ ಕಾವಲಿನ ಮುದುಕ ದಿನಾ ಅದನ್ನು ನೋಡಿ, "ಈ ಹುಡುಗಿನ ಯಾವಾಗ ನುಂಗಿದ್ರಿ?" ಎಂದು ಕೇಳಿ ತಾನೇ ನಗುತ್ತಿದ್ದನಂತೆ. ಈಗ ಆ ಫೋಟೋ ಅಕ್ಕನನ್ನು ಹೋಲುತ್ತಿರಲಿಲ್ಲ. ಗುಬ್ಬಿಯನ್ನೇ ಹೋಲುತ್ತಿತ್ತು.

ಅಪರಿಚಿತರ ಮುಂದೆ ಗುಬ್ಬಿಗೆ ಬಾಯಿ ಬರುವುದಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲಿ ಹೊಲಿಗೆಗೆ ಕೂತವಳು. ಆದರೆ ವ್ಯಾನಿನ ಮುಂದೆ ಮಾತಾಡುವ ಪ್ರಸಂಗವೇ ಬರಲಿಲ್ಲ. ಬಿಚ್ಚಿದ ಹೊಲಿಗೆಯನ್ನು ಮೊದಲಿನಂತೆ ಹಾಕಿ, ಕೋಟಿನ ಬೆನ್ನಿಗೆ ಪಿನ್ನು ಚುಚ್ಚಿ ಬಿಗಿ ಮಾಡಿಕೊಂಡು ನಿಂತಳು. ಕಂಪನಿಯ ನರ್ಸಮ್ಮ ಕೆಲಸಕ್ಕೆ ಹೊಸಬಳು; ನಾನೂರು ಜನರ ಸಾಲು ನೋಡಿ ಆಗಲೇ ಸುಸ್ತಾಗಿದ್ದಳು. ಚೀಟಿ ನೋಡಿದಳು, ಮುಖ ನೋಡಿದಳು.

"ಅಬ್ಬಾ, ನೀನೊಬ್ಬಳಾದ್ರೂ ಫೋಟೋದಲ್ಲಿ ಇರೋ ಹಾಗೇ ಇದೀಯಲ್ಲ! ಕೈ ಕೊಡು."

ವರದಿ ಬಂದ ದಿನ ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲಿನ ನಗು ಅದು. "ನೋಡೇ, ನನ್ನ ರಕ್ತ ಎಷ್ಟು ಒಳ್ಳೇದು!"

ಗುಬ್ಬಿಯೂ ನಕ್ಕಳು. ಅದೇ ಅವಳು ಮಾಡಿದ ತಪ್ಪು. ಆರೋಗ್ಯ ಗಟ್ಟಿಯಿದೆಯೆಂದು ಮರುವಾರವೇ ಅಕ್ಕನನ್ನು ಅತಿ ಸಿಟ್ಟಿನವರ ಕರೆಗಳೇ ಬರುವ ಮೇಜಿಗೆ ಕೂರಿಸಿದರು. ಅಕ್ಕ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಳು. ಊಟದ ಡಬ್ಬಿ ಮುಚ್ಚಳ ತೆಗೆಯದೆಯೇ ಮನೆಗೆ ಬರತೊಡಗಿತು. ಒಂದು ಬೆಳಿಗ್ಗೆ ಗುಬ್ಬಿ ಕೋಟು ತೊಡಿಸುವಾಗ ಗುಂಡಿ ತಾನಾಗಿಯೇ ಕೂತಿತು. ಎಂಟು ವರ್ಷ ಹಿಗ್ಗಿದ ಮೈ ಎರಡೇ ವಾರದಲ್ಲಿ ಇಳಿದಿತ್ತು. "ತುಂಡು ಸೇರಿಸೋ ಕೆಲಸ ತಪ್ಪಿತು" ಎಂದಳು ಅಕ್ಕ. ಅವಳ ಉಸಿರು ಕೊಳೆತ ಹಣ್ಣಿನಂತೆ ನಾರುತ್ತಿತ್ತು. ಗುಬ್ಬಿ ಮುಖ ಹಿಂದಕ್ಕೆಳೆದಳು. ಆದರೂ ಉಳಿದ ಗುಂಡಿಗಳನ್ನು ಹಾಕಿ ಕಳಿಸಿದಳು.

ಆ ಮಧ್ಯಾಹ್ನವೇ ಅಕ್ಕನ ಪಕ್ಕದ ಮೇಜಿನವಳು ಫೋನು ಮಾಡಿದಳು.

"ನಿಮ್ಮಕ್ಕ ಕುರ್ಚಿಯಿಂದ ಜಾರಿಬಿಟ್ರು. ಗಾಬರಿ ಬೇಡ. ನರ್ಸಮ್ಮ ಫೈಲ್ ನೋಡಿದ್ರು, ಸಕ್ಕರೆಗಿಕ್ಕರೆ ಏನಿಲ್ಲ, ಖಾಲಿ ಹೊಟ್ಟೆ ಅಷ್ಟೇ ಅಂದ್ರು. ಗ್ಲೂಕೋಸ್ ನೀರು ಕುಡಿಸ್ತಿದಾರೆ. ನಾನಿನ್ನು ಫೋನ್ ಒಳಗಿಡಬೇಕು—"

"ಕುಡಿಸಬೇಡಿ ಅನ್ನಿ!" ಎಂದು ಗುಬ್ಬಿ ಕೂಗುವಷ್ಟರಲ್ಲಿ ಕರೆ ಕಡಿದಿತ್ತು. ಮತ್ತೆ ಮಾಡಿದಳು, ಸ್ವಿಚ್ ಆಫ್. ಅವಳಿಗೆ ಗೊತ್ತಿದ್ದ ಇನ್ನೊಂದೇ ನಂಬರು ದೂರು ವಿಭಾಗದ್ದು. ಅದನ್ನೂ ಒತ್ತಿದಳು. ನೀವು ಸಾಲಿನಲ್ಲಿ ನಲವತ್ತಮೂರನೆಯವರು ಎಂದಿತು ಯಂತ್ರ.

ಗುಬ್ಬಿ ಓಡಿದಳು. ಎರಡು ಬಸ್‌ ನಿಲ್ದಾಣದಷ್ಟು ದೂರ, ಮನೆ ಚಪ್ಪಲಿಯಲ್ಲೇ. ಗೇಟಿನ ಮುದುಕ ಚೀಟಿ ಕೇಳಲು ಕೈ ಎತ್ತಿದವನು ಅವಳ ಮುಖ ಕಂಡು ಕೈ ಇಳಿಸಿದ.

ಅಕ್ಕ ನರ್ಸಮ್ಮನ ಕೋಣೆಯ ಕಿರಿದಾದ ಮಂಚದ ಮೇಲೆ ಮಲಗಿದ್ದಳು. ಎದೆ ಕಮ್ಮಾರನ ತಿದಿಯೊತ್ತಿದಂತೆ ಏರಿಳಿಯುತ್ತಿತ್ತು. ತುಟಿ ಒಣಗಿ ಒಡೆದಿತ್ತು. ಪಕ್ಕದಲ್ಲಿ ಎರಡು ಖಾಲಿ ಲೋಟ. ನರ್ಸಮ್ಮ ಮೂರನೆಯದನ್ನು ಕಲಕುತ್ತಿದ್ದಳು. ಬಾಗಿಲಲ್ಲಿ ಮೇಲ್ವಿಚಾರಕ ಗಡಿಯಾರ ನೋಡುತ್ತಿದ್ದ.

"ಯಾರಮ್ಮ ನೀನು? ಒಳಗೆ ಹೇಗೆ ಬಂದೆ?" ಎಂದ ಅವನು.

ಅಕ್ಕ ಕಣ್ಣು ಅರೆ ತೆರೆದಳು. ತಂಗಿಯ ಬಾಯಿ ನೋಡಿದಳು. ಏನು ಹೊರಡಲಿದೆ ಎಂದು ಅವಳಿಗೆ ತಿಳಿಯಿತು. ದಿಂಬಿನ ಮೇಲೆ ತಲೆ ನಿಧಾನವಾಗಿ ಅತ್ತಿತ್ತ ಆಡಿತು. ಬೇಡ. ಕುರ್ಚಿ ಹೋಗುತ್ತದೆ. ಬೇಡ.

ಗುಬ್ಬಿ ಲೋಟವನ್ನು ನರ್ಸಮ್ಮನ ಕೈಯಿಂದ ಕಿತ್ತುಕೊಂಡಳು.

"ಆ ಫೈಲಲ್ಲಿರೋದು ನನ್ನ ರಕ್ತ. ಚೀಟಿ ಅಕ್ಕಂದು, ಕೈ ನಂದು. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ. ಒಂದು ವರ್ಷದಿಂದ ಇದೆ."

ನರ್ಸಮ್ಮ ಫೈಲು ತೆರೆದಳು. ವರದಿಯ ಕೆಳಗೆ ಅವಳದೇ ಸಹಿ ಇತ್ತು. ಅವಳು ಮೇಲ್ವಿಚಾರಕನನ್ನು ನೋಡಿದಳು. ಮೇಲ್ವಿಚಾರಕ ಫೈಲನ್ನು ನೋಡಿದ. ಗೋಡೆಯಾಚೆ ಫೋನುಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು. ಅಕ್ಕನ ಕಣ್ಣು ಮತ್ತೆ ಮುಚ್ಚಿತು.

ಗುಬ್ಬಿ ಅಕ್ಕನ ಮುಷ್ಟಿ ಬಿಡಿಸಿ, ಒಂದು ಬೆರಳನ್ನು ಹಿಡಿದು ಅವರಿಬ್ಬರ ಕಡೆ ಚಾಚಿದಳು.

"ಒಂದು ಹನಿ ತಗೊಂಡು ನೋಡಿ. ದಮ್ಮಯ್ಯ ಅಂತೀನಿ, ಬೇಗ ನೋಡಿ."